ಬಕ್ಕೇಶಪ್ಪನವರ ಮೀಟರು ಮತ್ತು ಐದು ಕಿಲೋವ್ಯಾಟಿನ ತೊಟ್ಟಿ

ಇಂದ:
ಬಸವಕಿರಣ್ ಬಿನ್ ಲಿಂಗೈಕ್ಯ ಬಕ್ಕೇಶಪ್ಪ,
ಮಾಲೀಕರು, ಅಕ್ಕಿ ಗಿರಣಿ ಬಿಡಿಭಾಗಗಳ ಲೇತ್ ವರ್ಕ್‌ಶಾಪ್,
ಕರೂರು ಕೈಗಾರಿಕಾ ಪ್ರದೇಶ, ದಾವಣಗೆರೆ.
ವಾಸ: ಹರಿಹರ (ಇಲ್ಲಿ ಮಾಲೀಕನಲ್ಲ).

ಗೆ:
ಮಾನ್ಯ ಶಾಖಾಧಿಕಾರಿಗಳು,
ವಿದ್ಯುತ್ ಶಾಖಾ ಕಚೇರಿ, ನೀರಿನ ಟ್ಯಾಂಕಿನ ಹಿಂಭಾಗ,
ಹರಿಹರ.

ವಿಷಯ: ಮನೆಯ ಸ್ಪಾ ತೊಟ್ಟಿಗಾಗಿ ಹೆಚ್ಚುವರಿ ಲೋಡ್ ಹಾಗೂ ಮೀಟರಿನ ಹೆಸರು ಬದಲಾವಣೆ ಕೋರಿ ನಾನೇ ಸಲ್ಲಿಸಿದ್ದ ಅರ್ಜಿಯನ್ನು ನಾನೇ ಹಿಂಪಡೆಯುವ ಬಗ್ಗೆ.

ಉಲ್ಲೇಖ: ೧) ನನ್ನ ಹಿಂದಿನ ಅರ್ಜಿ. ೨) ತಮ್ಮ ಕಚೇರಿಯ ಸುಧಾ ಮೇಡಂ ಅವರ ಮೌಖಿಕ ಆಕ್ಷೇಪಣೆಗಳು. ೩) ನನ್ನ ತಾಯಿಯವರು ಆಟೋದಲ್ಲಿ ಹೊರಡಿಸಿದ ಆದೇಶ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನಾದ ನಾನು ತಮ್ಮ ಅಮೂಲ್ಯ ಅವಗಾಹನೆಗೆ ತರಬಯಸುವುದೇನೆಂದರೆ:

೧. ನನ್ನ ತಾಯಿ ಬಸವಣ್ಣೆಮ್ಮನವರಿಗೆ ಎರಡೂ ಮಂಡಿ ನೋವು. ದಾವಣಗೆರೆಯ ಮೂಳೆ ಡಾಕ್ಟರು, “ಸೊಂಟದ ಮಟ ಬಿಸಿನೀರಿನಾಗೆ ಕುಂತು ಕಾಲು ಆಡಿಸಿದ್ರೆ ಹಗುರಾಗ್ತೈತೆ” ಎಂದರು. ಡಾಕ್ಟರ ಮನಸ್ಸಿನಲ್ಲಿದ್ದದ್ದು ಅಂಗಡಿಯಲ್ಲಿ ಸಿಗುವ ದೊಡ್ಡ ಪ್ಲಾಸ್ಟಿಕ್ ಟಬ್ ಇರಬೇಕು. ಆದರೆ ಅರ್ಜಿದಾರನು ಕಾರ್ಖಾನೆಯ ಮಾಲೀಕ. ತಾಯಿಯ ಮಂಡಿಗೆ ಪ್ಲಾಸ್ಟಿಕ್ ಟಬ್ ತಂದರೆ ಬೀಗರು ಏನೆಂದಾರು? ಕಾರಣ, ನಾಲ್ಕು ಜನ ಕೂರಬಹುದಾದ, ನೀರನ್ನು ತಾನೇ ಕಾಯಿಸಿ, ತಾನೇ ತಿರುಗಿಸಿ, ಗುಳ್ಳೆ ಎಬ್ಬಿಸಿ, ನೀಲಿ ದೀಪ ಹಚ್ಚುವ ಸ್ಪಾ ತೊಟ್ಟಿಯೊಂದನ್ನು ಖರೀದಿಸಲಾಯಿತು. “ಪ್ಲಗ್ ಹಾಕ್ರಿ ಸಾರ್, ಕೂಡ್ರಿ, ಅಷ್ಟೇ” ಎಂದು ಮಾರಿದವನು ಭರವಸೆ ಕೊಟ್ಟಿದ್ದ. ಅದರಲ್ಲಿ ಪ್ಲಗ್ ಹಾಕುವುದು ಮತ್ತು ಕೂರುವುದು ಎರಡನ್ನು ಬಿಟ್ಟರೆ ಉಳಿದದ್ದೆಲ್ಲ ನಿಜವಾಯಿತು.

೨. ಸದರಿ ತೊಟ್ಟಿಯನ್ನು ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು ಕಿತ್ತು ಸ್ಥಾಪಿಸಲಾಯಿತು. ನಮ್ಮ ಪರಿಚಯದ ಎಲೆಕ್ಟ್ರಿಷಿಯನ್ ರಜಾಕ್ ಅವರು, “ಏನೂ ಆಗಲ್ಲ ಬಿಡ್ರಿ ಅಣ್ಣಾರ” ಎಂದು ಬಿಸ್ಮಿಲ್ಲಾ ಹೇಳಿ ಸ್ವಿಚ್ ಒತ್ತಿದರು. ನೀಲಿ ದೀಪ ಒಮ್ಮೆ ಹತ್ತಿತು. ಅದರ ಬೆನ್ನಿಗೇ ನಮ್ಮ ಮನೆಯ ಎಲ್ಲ ದೀಪಗಳೂ ಆರಿದವು. ಒಂದೇ ಕಾಂಪೌಂಡಿನ ಪಕ್ಕದ ಮನೆಯ ಕೆಂಚವ್ವನವರು ಹೊರಗೆ ಬಂದು, “ಏನ್ ಹಚ್ಚೀರಪ್ಪ ನಿಮ್ಮ ಮನ್ಯಾಗೆ? ನಮ್ಮ ಫ್ಯಾನು ಒಂದೇಟಿಗೆ ಸುಸ್ತಾತಲ್ಲ!” ಎಂದು ಸ್ಥಳ ಪರಿಶೀಲನೆ ನಡೆಸಿದರು.

೩. ಆಗ ತಿಳಿದುಬಂದದ್ದೇನೆಂದರೆ, ತೊಟ್ಟಿಗೆ ಬೇಕಾದದ್ದು ಐದು ಕಿಲೋವ್ಯಾಟ್. ನಮ್ಮ ಮನೆಗೆ ತಾವು ಮಂಜೂರು ಮಾಡಿರುವುದು ಎರಡು. ಕರೂರಿನಲ್ಲಿ ಲೇತ್ ಮಷೀನುಗಳ ಸಾಲನ್ನೇ ತಿರುಗಿಸುವ ಅರ್ಜಿದಾರನಿಗೆ ಸ್ವಂತ ಮನೆಯ ಲೋಡ್ ಎಷ್ಟೆಂದು ಗೊತ್ತಿರಲಿಲ್ಲ ಎಂಬುದನ್ನು ದಯವಿಟ್ಟು ಕಡತದಲ್ಲಿ ನಮೂದಿಸಬಾರದಾಗಿ ವಿನಂತಿ. ದಪ್ಪ ಫ್ಯೂಸ್ ಹಾಕಿಬಿಡೋಣ ಎಂದು ನಾನು ಸೂಚಿಸಿದಾಗ ರಜಾಕ್, “ಈ ವೈರಿಗೆ ಹಂಗ್ ಮಾಡಿದ್ರೆ ಮೊದ್ಲು ಬಿಸಿ ಆಗೋದು ನೀರಲ್ಲಣ್ಣ, ಗ್ವಾಡೆ” ಎಂದರು.

೪. ಆದ್ದರಿಂದ ಲೋಡ್ ನಿರ್ವಹಣೆ ಎಂಬ ಮಧ್ಯಮ ಮಾರ್ಗವನ್ನು ಹಿಡಿಯಲಾಯಿತು. ಅಂದರೆ ಗುಳ್ಳೆಗೆ ರಜೆ, ನೀಲಿ ದೀಪಕ್ಕೆ ರಜೆ, ಹೀಟರನ್ನು ಅರ್ಧಕ್ಕೆ ಇಳಿಸುವುದು, ಅದು ಓಡುವಾಗ ಮನೆಯಲ್ಲಿ ಬೇರೆ ಯಾವುದೂ ಓಡಕೂಡದು. ಅರ್ಧ ಹೀಟರಿಗೆ ಅಷ್ಟು ನೀರು ಕಾಯಲು ಒಂದು ಹಗಲು ಸಾಲಲಿಲ್ಲ. ಕಾರಣ, ಫ್ರಿಜ್ಜಿನಲ್ಲಿದ್ದ ಹಾಲು ಒಡೆಯಿತು. ಕಾರಣ, ನಾನು ಇಸ್ತ್ರಿಯಿಲ್ಲದ ಅಂಗಿಯಲ್ಲಿ ಬ್ಯಾಂಕ್ ಮ್ಯಾನೇಜರನ್ನು ಕಂಡು ಬಂದೆ. ಕಾರಣ, ಮಿಕ್ಸಿ ನಿಷೇಧಗೊಂಡು ನನ್ನ ಹೆಂಡತಿ ಅಂಕಿತಾ ಒಳಕಲ್ಲಿನ ಮುಂದೆ ಕೂತು ಚಟ್ನಿ ರುಬ್ಬಿದಳು. ಮೂರನೇ ದಿನಕ್ಕೆ ಆಕೆಯ ಸೊಂಟ ಹಿಡಿಯಿತು. ಹೀಗೆ ತೊಟ್ಟಿಯಲ್ಲಿ ಒಬ್ಬರೂ ಇಳಿಯುವ ಮೊದಲೇ ಫಲಾನುಭವಿಗಳ ಸಂಖ್ಯೆ ಒಂದರಿಂದ ಎರಡಕ್ಕೆ ಏರಿತು. “ಮುಂದೆ ಏನ್ ತರ್ತೀರಿ? ಐಸ್ ಫ್ಯಾಕ್ಟರಿನಾ?” ಎಂದು ಅಂಕಿತಾ ಕೇಳಿದ ಪ್ರಶ್ನೆಗೆ ಇನ್ನೂ ಲಿಖಿತ ಉತ್ತರ ಕೊಟ್ಟಿಲ್ಲ.

೫. ಬೇರೆ ದಾರಿ ಕಾಣದೆ ಹೆಚ್ಚುವರಿ ಲೋಡ್ ಕೋರಿ ತಮ್ಮ ಕಚೇರಿಗೆ ಬಂದೆ. ಕಡತ ನೋಡುವ ಸುಧಾ ಮೇಡಂ ಅರ್ಜಿಯನ್ನು ತಿರುವಿ ಹಾಕಿ, ಮೀಟರು ಬಕ್ಕೇಶಪ್ಪನವರ ಹೆಸರಿನಲ್ಲಿದೆ, ಗ್ರಾಹಕರೇ ಸಹಿ ಹಾಕಬೇಕು ಎಂದರು.

“ನಮ್ಮ ತಂದೆ ತೀರಿಕೊಂಡು ಒಂಬತ್ತು ವರ್ಷ ಆತ್ರಿ ಮೇಡಂ.”

ಮೇಡಂ ಕಂಪ್ಯೂಟರಿನಲ್ಲಿ ನೋಡಿದರು. “ಹೋದ್ ತಿಂಗಳ ಬಿಲ್ಲೂ ಕಟ್ಯಾರಲ್ರೀ! ಒಂದು ತಿಂಗಳೂ ತಪ್ಪಿಸಿಲ್ಲ ನೋಡ್ರಿ.”

ಬದುಕಿದ್ದಾಗ ನನ್ನ ತಂದೆಗೆ ಯಾವ ಸರ್ಕಾರಿ ಕಚೇರಿಯಲ್ಲೂ ಸಿಗದ ಮೆಚ್ಚುಗೆ ಅಂದು ಸಿಕ್ಕಿತು. ಮಗನಾಗಿ ಹೆಮ್ಮೆಪಟ್ಟೆ. ಆದರೆ ಲೋಡ್ ಸಿಗಲಿಲ್ಲ. ಮೊದಲು ಮೀಟರನ್ನು ನನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು, ಅದಕ್ಕೆ ತಾಯಿಯವರು ಖುದ್ದು ಬಂದು ಒಪ್ಪಿಗೆ ಕೊಡಬೇಕು ಎಂದು ತಿಳಿಸಲಾಯಿತು.

೬. ಅದರಂತೆ ತಾಯಿಯವರನ್ನು ಆಟೋದಲ್ಲಿ ಕರೆತಂದೆ. ತಮ್ಮ ಕಚೇರಿ ಮೊದಲ ಮಹಡಿಯಲ್ಲಿದೆ. ಮಂಡಿನೋವಿನ ಪರಿಹಾರಕ್ಕಾಗಿ ಮಂಡಿನೋವಿನವರು ಮೆಟ್ಟಿಲು ಹತ್ತಬೇಕೆಂಬ ವ್ಯವಸ್ಥೆಯಲ್ಲಿ ಏನೋ ಆಳವಾದ ಅರ್ಥವಿರಬೇಕು, ಅರ್ಜಿದಾರನ ಅಲ್ಪಬುದ್ಧಿಗೆ ಅದು ಹೊಳೆದಿಲ್ಲ. ಅಮ್ಮ ಕುರ್ಚಿಯಲ್ಲಿ ಕೂತು ಉಸಿರು ತೆಗೆದುಕೊಂಡ ಮೇಲೆ ಮೇಡಂ ಕೇಳಿದರು: “ನಿಮ್ಮ ಯಜಮಾನ್ರ ಹೆಸ್ರು ಹೇಳ್ರಮ್ಮ.”

ಅಮ್ಮ ನನ್ನ ಮುಖ ನೋಡಿದಳು. “ಇವರಪ್ಪ” ಎಂದಳು.

“ಹೆಸ್ರು ಬೇಕಮ್ಮ.”

“ಬಿಲ್ಲಿನಾಗೆ ಐತಲ್ಲವ್ವ, ನೀನೇ ಓದಿಕೋ.”

“ನೀವು ಬಾಯಿಬಿಟ್ಟು ಹೇಳ್ಬೇಕಮ್ಮ, ನಾನು ಬರ್ಕೋಬೇಕು.”

“ಮದುವ್ಯಾಗೆ ಒಡಪು ಕಟ್ಟಿ ಒಂದ್ಸಲ ಹೇಳಿದ್ದು ತಾಯಿ, ಅದೂ ಎಲ್ರೂ ಬಾಗ್ಲಾಗೆ ತಡೆದು ನಿಲ್ಸಿದ್ದಕ್ಕೆ. ಆಮ್ಯಾಗೆ ಅವರ ಹೆಸ್ರು ತೆಗೆದವಳಲ್ಲ. ಈಗ ಕರೆಂಟಿನವ್ರ ಮುಂದೆ ತೆಗೀಬೇಕಾ?”

ಗಂಡನ ಹೆಸರು ಹೇಳದ ಹೆಂಡತಿಯರ ಬಗ್ಗೆ ತಮ್ಮ ನಿಯಮಾವಳಿ ಮೌನವಾಗಿದೆಯೆಂದು ಅಂದು ತಿಳಿಯಿತು. ಕೊನೆಗೆ ಹೆಸರನ್ನು ನಾನೇ ಹೇಳಿದೆ. ಮೇಡಂ ದೊಡ್ಡ ಮನಸ್ಸು ಮಾಡಿ ಬರೆದುಕೊಂಡು, ಸಹಿಗೆಂದು ಪೆನ್ನನ್ನು ಅಮ್ಮನ ಕೈಗೆ ಕೊಟ್ಟರು.

ಅಮ್ಮ ಪೆನ್ನು ಹಿಡಿದುಕೊಂಡೇ ಕೇಳಿದಳು: “ಇದಕ್ಕೆ ಸೈನ್ ಹಾಕಿದ್ರೆ ಬಿಲ್ಲಿನಾಗೆ ಯಾರ ಹೆಸ್ರು ಬರ್ತೈತೆ?”

“ನಿಮ್ಮ ಮಗಂದು.”

“ಬಿಲ್ಲು ಕೊಡಾಕೆ ಅಂಜಿನಪ್ಪ ಬಂದಾಗ ಯಾರನ್ನ ಕೂಗ್ತಾನೆ?”

“ಬಸವಕಿರಣ್ ಅಂತ ಕೂಗ್ತಾರಮ್ಮ.”

ಅಮ್ಮ ಪೆನ್ನನ್ನು ಮೇಜಿನ ಮೇಲಿಟ್ಟು, “ಬ್ಯಾಡ ನಡಿ” ಎಂದು ಎದ್ದಳು. ಬಂದ ಮೆಟ್ಟಿಲನ್ನು ನನ್ನ ಕೈ ಕೂಡ ಹಿಡಿಯದೆ ಇಳಿದಳು.

೭. ಇಲ್ಲಿ ಅಂಜಿನಪ್ಪನವರ ವಿಷಯವನ್ನು ವಿವರಿಸುವುದು ಅಗತ್ಯ. ಅವರು ತಮ್ಮ ಕಚೇರಿಯಿಂದ ನಮ್ಮ ಬೀದಿಗೆ ಬರುವ ಮೀಟರ್ ರೀಡರ್. ನಮ್ಮ ಮೀಟರೂ ಕೆಂಚವ್ವನವರ ಮೀಟರೂ ಒಂದೇ ಗೋಡೆಯಲ್ಲಿರುವ ಕಾರಣ, ಬಿಲ್ಲು ಅದಲುಬದಲಾಗದಂತೆ ಅವರು ಹೆಸರು ಹಿಡಿದು ಕೂಗುವ ರೂಢಿ. “ಬಕ್ಕೇಶಪ್ಪಾ... ಬಿಲ್ಲೂ!” ಎಂದರೆ ಬೀದಿಯ ತುದಿಗೆ ಕೇಳಿಸುತ್ತದೆ. ಅದು ಬಿಟ್ಟು ಅಂಜಿನಪ್ಪನವರಿಗೂ ನನ್ನ ತಂದೆಗೂ ಏನೂ ಸಂಬಂಧವಿಲ್ಲ. ಅವರು ನನ್ನ ತಂದೆಯನ್ನು ನೋಡಿದವರೂ ಅಲ್ಲ.

ತಿಂಗಳ ಮೊದಲ ವಾರ ಬಂತೆಂದರೆ ಅಮ್ಮ ಬೆಳಿಗ್ಗೆಯೇ ತಲೆ ಬಾಚಿಕೊಂಡು ಬಾಗಿಲ ಹತ್ತಿರ ಕೂರುವುದನ್ನು, ಕೂಗು ಕೇಳಿದ್ದೇ “ಬಂದೆ” ಎಂದು ಎದ್ದು ಗೇಟಿನ ತನಕ ನಡೆಯುವುದನ್ನು, ಅಂಜಿನಪ್ಪನವರಿಗೆ ಮಜ್ಜಿಗೆ ಕೊಟ್ಟು ಕಳಿಸುವುದನ್ನು ನಾನು ವರ್ಷಗಳಿಂದ ನೋಡಿದ್ದೇನೆ. “ಬಿಲ್ಲು ಇಸ್ಕೊಳ್ಳಾಕೆ ಮಾತ್ರ ಮಂಡಿ ನೋಯಂಗಿಲ್ಲ ನಮ್ಮವ್ವಗೆ” ಎಂದು ತಮಾಷೆಯನ್ನೂ ಮಾಡಿದ್ದೇನೆ. ಒಮ್ಮೆ ಅಂಜಿನಪ್ಪನವರು ಕೂಗದೆ ಬಿಲ್ಲನ್ನು ಗೇಟಿಗೆ ಸಿಕ್ಕಿಸಿ ಹೋದಾಗ, ಮರುದಿನ ಅವರನ್ನು ಬೀದಿಯಲ್ಲಿ ನಿಲ್ಲಿಸಿ ಬೈದಿದ್ದಳು. ವಯಸ್ಸಾಯಿತು, ಹೀಗೇ, ಎಂದುಕೊಂಡಿದ್ದೆ.

೮. ಉಲ್ಲೇಖ ೩ರ ಆದೇಶದ ಪೂರ್ಣಪಾಠ ಈ ಕೆಳಗಿನಂತಿದೆ. ಆಟೋದ ಸದ್ದಿನಲ್ಲಿ ಕೇಳಿಸಿದಷ್ಟನ್ನು ಬರೆದಿದ್ದೇನೆ.

“ಅವರ ಜೊತೆಯವ್ರು ಎಲ್ಲಾರೂ ಹೋದ್ರು. ನೀನು ಅಪ್ಪ ಅಂತೀಯ. ನಿನ್ನ ಹೆಂಡ್ತಿ ಮಾವಾರು ಅಂತಾಳೆ. ನಾನಂತೂ ಹೆಸ್ರು ತೆಗಿಯಂಗಿಲ್ಲ. ಈ ಊರಾಗೆ ಅವರನ್ನ ಹೆಸ್ರು ಹಿಡಿದು ಕರಿಯೋನು ಅವ್ನೊಬ್ನೇ ಉಳ್ದಾನೆ. ತಿಂಗಳಿಗೆ ಒಂದ್ಸಲ ಕೂಗ್ತಾನೆ, ಅವರು ಒಳಗೆ ಅದಾರೇನೋ ಅನ್ನಂಗೆ. ನಾನು ಬಂದೆ ಅಂತೀನಿ. ಅದನ್ನೂ ಬಿಡಿಸಿದ್ರೆ ಯಾರ ಬಾಯಾಗೆ ಕೇಳ್ಲಿ? ಮಂಡಿ ನೋವು ಇದ್ರೆ ಇರವಲ್ದ್ಯಾಕೆ.”

ಮಾನ್ಯರೇ, ನನಗೆ ಬಹಳ ದುಃಖವಾಯಿತು. ಇದನ್ನು ಯಾವ ಕಲಮಿನಡಿ ದಾಖಲಿಸಬೇಕೋ ತಿಳಿಯದೆ ಇಲ್ಲಿಯೇ ಬರೆದಿದ್ದೇನೆ. ಅಮ್ಮನಿಗೆ ಅಪ್ಪನ ಹೆಸರು ಕೇಳಿಸಿಕೊಳ್ಳುವ ಆಸೆ ಇದೆಯೆಂದು ನನಗೆ ಒಂದು ದಿನವೂ ಹೊಳೆದಿರಲಿಲ್ಲ.

೯. ತೊಟ್ಟಿಯ ಈಗಿನ ಸ್ಥಿತಿಗತಿ: ಅದನ್ನು ಟೆಂಪೋದಲ್ಲಿ ಹೇರಿಕೊಂಡು, ಬಾತಿ ಗ್ರಾಮ ದಾಟಿ, ಕರೂರಿನ ನನ್ನ ವರ್ಕ್‌ಶಾಪಿಗೆ ಸಾಗಿಸಲಾಗಿದೆ. ಅಲ್ಲಿ ಲೋಡಿಗೆ ಬರವಿಲ್ಲ. ವಾರದ ರಜೆಗೆ ಲೇತುಗಳು ನಿಂತಾಗ ತೊಟ್ಟಿ ನಿರಾಳವಾಗಿ ಓಡುತ್ತದೆ, ಗುಳ್ಳೆ ಸಮೇತ, ನೀಲಿ ದೀಪ ಸಮೇತ. ರಜಾಕ್ ಈ ಸಲ ಬೇರೆಯೇ ಲೈನ್ ಎಳೆದು, ಶಾಕ್ ಹೊಡೆಯದಂತೆ ಸ್ವಿಚ್ಚೂ ಹಾಕಿ, ಮೊದಲು ತಾವೇ ಕಾಲು ಅದ್ದಿ ನೋಡಿದ್ದಾರೆ. ಅಮ್ಮ ಸೀರೆಯುಟ್ಟೇ ಇಳಿದು, ಸುತ್ತಲಿನ ಮಷೀನುಗಳನ್ನು ನೋಡಿ, “ಒಳ್ಳೇ ಗಿರಣ್ಯಾಗೆ ಭತ್ತ ನೆನೆಹಾಕಿದಂಗೆ ಹಾಕೀಯಲ್ಲೋ ನನ್ನ” ಎಂದಳು. ಆದರೆ ಹೊರಗೆ ಬರಲು ಒಪ್ಪಲಿಲ್ಲ. ಎದುರಿಗೆ ಸೊಂಟ ಹಿಡಿದ ಅಂಕಿತಾ ಕೂತಿದ್ದಳು. ಮಂಡಿ ಸ್ವಲ್ಪ ಹಗುರವಾಗಿದೆಯಂತೆ.

ಕೈಗಾರಿಕಾ ವಿದ್ಯುತ್ತನ್ನು ಗೃಹ ಬಳಕೆಯ ಮಂಡಿಗಳಿಗೆ ಉಪಯೋಗಿಸುವುದು ನಿಯಮಬಾಹಿರವೆಂದು ಬಲ್ಲೆ. ಅದಕ್ಕೆ ತಕ್ಕ ದಂಡಕ್ಕೆ ಅರ್ಜಿದಾರನು ತಲೆಬಾಗುತ್ತಾನೆ.

ಆದ್ದರಿಂದ, ಮೇಲಿನ ಎಲ್ಲ ಕಾರಣಗಳ ಕಾರಣ, ನನ್ನ ಹಿಂದಿನ ಅರ್ಜಿಯನ್ನು ರದ್ದುಪಡಿಸಿ, ಮೀಟರನ್ನು ನನ್ನ ತಂದೆಯವರ ಹೆಸರಿನಲ್ಲೇ, ಎರಡೇ ಕಿಲೋವ್ಯಾಟಿನಲ್ಲೇ ಮುಂದುವರಿಸಬೇಕೆಂದೂ, ತಮ್ಮ ಜಾಗೃತ ದಳದವರು ಕರೂರಿಗೆ ತಪಾಸಣೆಗೆ ಬರುವುದಿದ್ದರೆ ಒಳಗೆ ಹೆಂಗಸರು ನೀರಿನಲ್ಲಿರುವರಾದ್ದರಿಂದ ಬಾಗಿಲು ಬಡಿದು ಬರಬೇಕೆಂದೂ ಪ್ರಾರ್ಥಿಸುತ್ತೇನೆ.

ಎರಡು ಕಿಲೋವ್ಯಾಟ್ ಮಿತಿಗೊಳಪಟ್ಟು,
ತಮ್ಮ ವಿಶ್ವಾಸಿ,
(ಸಹಿ)
ಬಸವಕಿರಣ್

ಅಡಕಗಳು:
೧) ಕಳೆದ ತಿಂಗಳ ಬಿಲ್ಲು, ಬಕ್ಕೇಶಪ್ಪನವರ ಹೆಸರಿನದು. ಪಾವತಿಯಾಗಿದೆ. ನೋಡಿ ಮರಳಿಸುವುದು, ಅಮ್ಮ ಕೇಳುತ್ತಾಳೆ.
೨) ಸಹಿಯಾಗದ ಒಪ್ಪಿಗೆ ಪತ್ರ.
೩) ತೊಟ್ಟಿಯ ವಾರಂಟಿ ಕಾರ್ಡು (ತಮಗೆ ಅಗತ್ಯವಿಲ್ಲ, ನನಗೂ ಪ್ರಯೋಜನಕ್ಕೆ ಬಂದಿಲ್ಲ).

ವಿ.ಸೂ.: ಅಮ್ಮನಿಗೆ ಇತ್ತೀಚೆಗೆ ಕಿವಿಯೂ ಮಂದವಾಗುತ್ತಿದೆ. ಕಾರಣ, ಬರುವ ತಿಂಗಳಿಂದ ಅಂಜಿನಪ್ಪನವರು ಗೇಟಿನ ಬಳಿ ಹೆಸರನ್ನು ಎರಡು ಸಲ ಕೂಗುವಂತೆ ಆದೇಶಿಸಬೇಕಾಗಿ ಕೋರಿಕೆ. ಎರಡನೇ ಸಲಕ್ಕೆ ಹೆಚ್ಚುವರಿ ಶುಲ್ಕವೇನಾದರೂ ಇದ್ದಲ್ಲಿ, ಅದನ್ನು ಬಕ್ಕೇಶಪ್ಪನವರ ಬಿಲ್ಲಿಗೇ ಸೇರಿಸುವುದು.