ಬಾಕ್‌ಗೆ ಬಂದ ಹಬ್ಬದ ಜ್ವರ

ಹಬ್ಬಕ್ಕೆ ಎಲ್ಲಿಗೆ ಹೋಗ್ತೀಯಪ್ಪಾ ಎಂದು ಕೇಳಿದವರಿಗೆ ನಿಜ ಹೇಳಬಾರದು ಎನ್ನುವುದನ್ನು ಬಖ್ತಿಯೋರ್ ಕೊರಿಯಾಕ್ಕೆ ಬಂದ ಹೊಸದರಲ್ಲೇ ಕಲಿತಿದ್ದ. ಮೊದಲ ವರ್ಷ ‘ಎಲ್ಲಿಗೂ ಇಲ್ಲ’ ಎಂದದ್ದಕ್ಕೆ ಕಾರ್ಖಾನೆಯ ಮೇಸ್ತ್ರಿ ಅವನನ್ನು ತನ್ನ ಹಳ್ಳಿಗೆ ಎಳೆದೊಯ್ದು, ಗುಡ್ಡದ ಮೇಲಿನ ಹಿರಿಯರ ಸಮಾಧಿಗಳ ಹುಲ್ಲನ್ನೆಲ್ಲ ಕೊಯ್ಯಿಸಿದ್ದ. ಮರುವರ್ಷ ಯಾರೋ ಪುಣ್ಯಾತ್ಮರು ಮೊಣಕಾಲಿಗೇ ಮುಗಿಯುವ ಹಬ್ಬದ ಉಡುಪು ತೊಡಿಸಿ ವಿದೇಶಿಯರ ಹಾಡಿನ ಸ್ಪರ್ಧೆಗೆ ನಿಲ್ಲಿಸಿದ್ದರು. ಗಂಟಲು ಹರಿದುಕೊಂಡು ಹಾಡಿದ್ದಕ್ಕೆ ಸಮಾಧಾನಕರ ಬಹುಮಾನವಾಗಿ ಒಂದು ಪೆಟ್ಟಿಗೆ ಡಬ್ಬಿ ಮಾಂಸ ಸಿಕ್ಕಿತ್ತು, ಅದೂ ಅವನು ಮುಟ್ಟದ ಹಂದಿಯದು.

ಹಾಗಾಗಿ ಈ ಸಲ ಮನೆಯೊಡತಿ ಮಲ್‌ಸುನ್ ಮೆಟ್ಟಿಲ ಬಳಿ ತಡೆದು ಕೇಳಿದಾಗ ಅವನು ತಡವರಿಸಲಿಲ್ಲ. “ದೇಗುನಲ್ಲಿ ಸ್ನೇಹಿತನ ಮನೇಲಿ ಕರ್ದಿದಾರೆ ಚಿಕ್ಕಮ್ಮ. ಮೂರು ದಿನ ಬರಲ್ಲ.”

“ಒಳ್ಳೇದಾಯ್ತು ಬಿಡು ಬಾಕ್. ಒಬ್ಬನೇ ಇರ್ತೀಯೇನೋ ಅಂತ ಸಂಕಟ ಆಗ್ತಿತ್ತು” ಎಂದಳು ಮಲ್‌ಸುನ್. ಬಖ್ತಿಯೋರ್ ಎಂಬ ಹೆಸರು ಗಿಮ್ಹೆಯ ಆ ಓಣಿಯ ಬಾಯಿಗೆ ಉದ್ದವಾಗಿ, ತುಂಡಾಗಿ, ಬಾಕ್ ಆಗಿ ಉಳಿದಿತ್ತು.

ಹಿರಿಯರ ಹಬ್ಬವಾದ ಚೂಸೋಕ್ ಹುಣ್ಣಿಮೆಯ ಹಿಂದಿನ ದಿನ ಬೆಳಿಗ್ಗೆ ಬಾಕ್ ತನ್ನ ಮಹಡಿ ಕೋಣೆಯಲ್ಲಿ ಪರದೆ ಎಳೆದುಕೊಂಡು, ಕೆಮ್ಮು ಬಂದರೆ ದಿಂಬು ಕಚ್ಚಿಕೊಂಡು ಮಲಗಿದ್ದ. ತಾನೇ ಬಾಡಿಗೆ ಕಟ್ಟುವ ಕೋಣೆಯಲ್ಲೇ ಕಳ್ಳನಂತೆ ಅಡಗಿದ ಮೂರ್ಖ ತಾನೊಬ್ಬನೇ ಇರಬೇಕು ಎಂದು ಅವನಿಗೇ ನಗು ಬಂತು. ಕೊನೆಗೆ ಕೆಳಗೆ ಕಾರಿನ ಬಾಗಿಲು ಬಡಿದ ಸದ್ದಾಯಿತು. ಮನೆಯವರು ಪ್ರತಿ ವರ್ಷದಂತೆ ಮಲ್‌ಸುನ್‌ಳ ಭಾವನ ಮನೆಗೆ ಹಬ್ಬದ ಅಡುಗೆಗೆ ಹೊರಟಿರಬೇಕು. ಬಾಕ್ ಎದ್ದ. ಕುರಿಮಾಂಸ, ಗಜ್ಜರಿ, ಅಕ್ಕಿ ಹಾಕಿ ತನ್ನ ಊರಿನ ಪಲಾವ್ ಮಾಡಿದ. ತಿನ್ನುವುದು, ಮಲಗುವುದು, ಮತ್ತೆ ತಿನ್ನುವುದು. ಹಬ್ಬವೆಂದರೆ ಇದು ಎಂದುಕೊಂಡು ಮುಚ್ಚಳ ತೆಗೆಯುವುದಕ್ಕೂ ಬಾಗಿಲು ಬಡಿಯುವುದಕ್ಕೂ ಸರಿಹೋಯಿತು.

ಪಲಾವಿನ ಘಮದ ಜಾಡು ಹಿಡಿದು ಬಂದ ಮಲ್‌ಸುನ್ ನಿಂತಿದ್ದಳು.

“ಚಿಕ್ಕಮ್ಮ, ಅದೇನಾಯ್ತು ಅಂದ್ರೆ, ಬಸ್ಸು...”

“ಬಸ್ಸಿನ ಮನೆ ಹಾಳಾಗ್ಲಿ. ನೀನು ಇಲ್ಲೇ ಇದೀಯಲ್ಲ, ಬದುಕಿಸಿದೆ” ಎಂದು ಅವಳು ಒಳಗೆ ಬಂದು ಕುಸಿದು ಕೂತಳು. “ನಾನು ಹೋಗಿಲ್ಲ ಕಣೋ, ಯಜಮಾನರನ್ನ ಒಬ್ಬರನ್ನೇ ಕಳ್ಸಿದೆ. ಮದುವೆಯಾದಾಗಿಂದ ಆ ಎಣ್ಣೆ ಹೊಗೆ ಕುಡಿದು ಸಾಕಾಗಿದೆ. ಒಂದು ವರ್ಷ ಕಾಲು ಚಾಚ್ಕೊಂಡು ಕೂರೋಣ ಅಂತ ಅತ್ತೆಗೆ ಫೋನ್ ಮಾಡಿ, ಮಹಡಿ ಮೇಲಿನ ಹುಡುಗನಿಗೆ ಕೆಂಡದಂಥ ಜ್ವರ, ನೋಡ್ಕೊಳ್ಳೋಕೆ ದಿಕ್ಕಿಲ್ಲ ಅಂದ್ಬಿಟ್ಟೆ.”

“ಯಾವ ಹುಡುಗ?”

“ಮಹಡಿ ಮೇಲೆ ಎಷ್ಟು ಜನ ಇದೀರಿ? ನೀನೇ. ನೀನು ಊರಲ್ಲಿಲ್ಲ, ಯಾರಾದ್ರೂ ಬಂದು ನೋಡಿದ್ರೆ ಏನು ಗತಿ ಅಂತ ಎದೆ ಹೊಡ್ಕೊಳ್ತಿತ್ತು.”

ಇಬ್ಬರು ಸುಳ್ಳುಗಾರರು ಒಬ್ಬರ ಮುಖ ಒಬ್ಬರು ನೋಡಿ ಮನಸಾರೆ ನಕ್ಕರು. ಬಾಕ್ ಎರಡು ತಟ್ಟೆ ಇಟ್ಟ. ಮೊದಲ ತುತ್ತು ಬಾಯಿಗೆ ಹೋಗುವ ಮುಂಚೆ ಓಣಿಯಲ್ಲಿ ಒಂದಲ್ಲ, ಎರಡು ಕಾರು ನಿಂತವು.

ಮಲ್‌ಸುನ್ ಕಿಟಕಿಯಿಂದ ಇಣುಕಿ ಸುಣ್ಣದಂತಾದಳು. “ಅತ್ತೆ. ಭಾವ, ಓರಗಿತ್ತಿ, ನಮ್ಮ ಯಜಮಾನರು, ಹಿಟ್ಟಿನ ಮೂಟೆ, ಮೀನಿನ ಬುಟ್ಟಿ, ಎಲ್ಲಾ. ಬಾಕ್, ಮಲಕ್ಕೋ.”

ಅತ್ತೆ ಕೋಲೂರಿಕೊಂಡು ಮಹಡಿ ಹತ್ತಿ ಬಂದೇ ಬಿಟ್ಟಳು. ಬೆನ್ನು ಬಾಗಿದ, ಹಕ್ಕಿಯಂಥ ಕಣ್ಣಿನ ಮುದುಕಿ. “ಹೆತ್ತವರು ಎಲ್ಲೋ, ಇವನು ಇಲ್ಲಿ ನರಳ್ತಿದಾನೆ. ಇವನನ್ನ ಬಿಟ್ಟು ನಾವಲ್ಲಿ ಮೀನು ಕರೀತಾ ಕೂತ್ರೆ ಹಿರಿಯರು ಮೆಚ್ತಾರಾ? ಅಡುಗೆ ಇಲ್ಲೇ ಆಗ್ಲಿ. ಕೆಳಗೆ ಕರ್ಕೊಂಡು ಬನ್ನಿ, ನನ್ನ ಕಣ್ಣೆದುರಿಗೇ ಇರ್ಲಿ” ಎಂದು ಅವನ ಹಣೆ ಮುಟ್ಟಿ, ಎರಡು ಸಲ ತಲೆಯಾಡಿಸಿದಳು.

ಕೆಳಗಿನ ನಡುಮನೆಯಲ್ಲಿ ಬಾಕ್‌ನನ್ನು ಮೂರು ರಜಾಯಿಯ ಕೆಳಗೆ ಮಲಗಿಸಿದರು. ನೆಲ ಕಾಯಿಸಲು ಅದರಡಿ ಹಾಯುವ ಬಿಸಿನೀರಿನ ನಲ್ಲಿಯನ್ನು ಪೂರ್ತಿ ತಿರುಗಿಸಿದರು. ಹೊರಗೆ ಇನ್ನೂ ಸೆಕೆ. ಬಾಕ್ ಹಬೆಯಲ್ಲಿಟ್ಟ ಕಡುಬಿನಂತೆ ಬೇಯತೊಡಗಿದ. “ನೋಡಿ, ಎಷ್ಟು ಬೆವರ್ತಿದಾನೆ” ಎಂದು ಓರಗಿತ್ತಿ ಮರುಗಿದಳು. ಭಾವ ತಾನೂ ಏನಾದರೂ ಮಾಡಬೇಕಲ್ಲ ಎಂದು ಹೊಲಿಗೆ ಸೂಜಿ ತಂದು, ಅವನ ಎರಡೂ ಹೆಬ್ಬೆರಳಿಗೆ ದಾರ ಬಿಗಿದು, ಕೆಟ್ಟ ರಕ್ತ ತೆಗೆಯುವ ಹಳೇ ಮನೆಮದ್ದೆಂದು ಉಗುರಿನ ಬುಡಕ್ಕೆ ಚುಚ್ಚಿದ.

“ಅಯ್ಯಪ್ಪಾ.”

“ನೋಡು, ರಕ್ತ ಕಪ್ಪಗಿದೆ. ಹೊಟ್ಟೇಲಿ ಏನೋ ಕಟ್ಕೊಂಡಿದೆ. ಇವತ್ತು ಬರೀ ಗಂಜಿ.”

ಕೈಯಳತೆ ದೂರದಲ್ಲಿ ಮಲ್‌ಸುನ್ ಕಾವಲಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಬೇರೆ ವರ್ಷ ಅರ್ಧ ಕೆಲಸ ಓರಗಿತ್ತಿಯದು. ಈಗ ಮನೆ ಇವಳದು, ಒಲೆ ಇವಳದು, ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಗೊತ್ತಿರುವುದೂ ಇವಳಿಗೇ. ಹಾಗಾಗಿ ಪೂರ್ತಿ ಕೆಲಸವೂ ಇವಳದೇ ಆಯಿತು. ಮೀನಿನ ಹೋಳನ್ನು ಮೊಟ್ಟೆಯಲ್ಲಿ ಅದ್ದಿ ಕಾವಲಿಗೆ ಹಾಕಿದಾಗ ಎದ್ದ ಘಮ ನೇರವಾಗಿ ಬಾಕ್‌ನ ಮೂಗಿಗೆ ಬಂದು ಕೂತಿತು. ಅವನ ಹೊಟ್ಟೆ ಗುಡುಗಿತು.

“ಕೇಳಿದ್ರಾ, ಕಟ್ಟಿದ್ದು ಕರಗ್ತಿದೆ” ಎಂದ ಭಾವ.

ಅಷ್ಟರಲ್ಲಿ ಓರಗಿತ್ತಿ ಮಹಡಿಯಿಂದ ಪಲಾವ್ ಪಾತ್ರೆ ಹೊತ್ತು ತಂದಳು. “ಇದು ಯಾರು ಮಾಡಿದ್ದು?”

ಮಲ್‌ಸುನ್ ಕಾವಲಿಯ ಮೀನು ಮಗುಚಿದಳು. “ನಾನೇ ಅಕ್ಕ. ಇವನ ಊರಿನ ಅಡುಗೆ. ಜ್ವರದ ಬಾಯಿಗೆ ರುಚಿಯಾಗ್ಲಿ ಅಂತ...”

“ಜ್ವರಕ್ಕೆ ಕುರಿ ಕೊಬ್ಬಾ? ಹುಡುಗನ್ನ ಸಾಯಿಸ್ತೀಯೇನೇ” ಎಂದು ಅತ್ತೆ ಪಾತ್ರೆಯನ್ನು ತನ್ನತ್ತ ಎಳೆದುಕೊಂಡಳು. ರೋಗಿಯ ಪ್ರಾಣ ಉಳಿಸುವ ಒಳ್ಳೆಯ ಉದ್ದೇಶದಿಂದ ಎಲ್ಲರೂ ಸೇರಿ ತಳ ಕಾಣುವವರೆಗೆ ತಿಂದರು. ಭಾವ ಬೆರಳು ಚೀಪುತ್ತ, “ಚಿಕ್ಕ ಸೊಸೆ ಕೈಲಿ ಇಂಥ ರುಚಿ ಇದೆ ಅಂತ ಗೊತ್ತೇ ಇರ್ಲಿಲ್ಲ. ಹೊಸ ವರ್ಷಕ್ಕೆ ದೊಡ್ಡ ಪಾತ್ರೇಲಿ ಮಾಡಮ್ಮ” ಎಂದ. ಬಾಕ್ ತನ್ನ ಅಡುಗೆಯ ಹೊಗಳಿಕೆಯನ್ನು ಉಪ್ಪಿಲ್ಲದ ಗಂಜಿಯ ಜೊತೆ ನಂಚಿಕೊಂಡ.

ಬಾಕ್ ಅಜ್ಜಿ ಎಂದು ಕರೆಯುತ್ತಿದ್ದ ಆ ಅತ್ತೆ ಮಾತ್ರ ಅವನ ಪಕ್ಕ ಬಿಟ್ಟು ಕದಲಲಿಲ್ಲ. ಟೀವಿಯಲ್ಲಿ ಕುಸ್ತಿ ನೋಡುತ್ತ, ಒಂದು ಕೈಯಲ್ಲಿ ಅವನ ಹಣೆಯ ಒದ್ದೆ ಬಟ್ಟೆ ತಿರುವಿ ಹಾಕುತ್ತ, ಇನ್ನೊಂದು ಕೈಯಲ್ಲಿ ಪೇರಳೆಯಷ್ಟಲ್ಲ, ತೆಂಗಿನಕಾಯಿಯಷ್ಟು ದೊಡ್ಡ ಮರಸೇಬು ತಿನ್ನುತ್ತ ಕೂತಳು. ಹಿಟ್ಟು ಹದವಾಗಿದೆಯಾ ನೋಡಿ ಅತ್ತೆ ಎಂದರೆ, “ಈ ಸ್ಥಿತೀಲಿ ಇವನನ್ನ ಬಿಟ್ಟು ಹೇಗೆ ಏಳ್ಲಿ?” ಎನ್ನುವಳು. ಓರಗಿತ್ತಿ, ನಾನು ಸ್ವಲ್ಪ ಹೊತ್ತು ನೋಡ್ಕೊಳ್ತೀನಿ ಎಂದು ಬಂದರೆ ಕೋಲು ಎತ್ತುವಳು. ಬಾಕ್‌ನ ಕಣ್ಣು ತುಂಬಿ ಬಂತು. ಇಂಥ ದೇವರಂಥ ಮುದುಕಿಗೆ ಮೋಸ ಮಾಡಿದ ತಾನು ಎಂಥ ನೀಚ ಎಂದು ತನ್ನನ್ನೇ ಬೈದುಕೊಂಡ. ಮಧ್ಯೆ ಒಮ್ಮೆ, “ಅಜ್ಜಿ, ನಂಗೆ ಈಗ ಆರಾಮ” ಎಂದು ಏಳಲು ಹೋದ. ಅವಳು ಎದೆಗೆ ಕೈಯಿಟ್ಟು ಒತ್ತಿ ಮಲಗಿಸಿದ ರಭಸಕ್ಕೆ ಟೀವಿಯಲ್ಲಿದ್ದ ಪೈಲ್ವಾನನೂ ನಾಚಬೇಕಿತ್ತು.

ಸಂಜೆಯಾಯಿತು. ಕರಿದದ್ದು, ಬೇಯಿಸಿದ್ದು ಎಲ್ಲ ಬುಟ್ಟಿಗೆ ತುಂಬಿ ಕಾರಿಗೆ ಸಾಗಿಸಿದರು. ಮಲ್‌ಸುನ್ ಸೊಂಟ ಹಿಡಿದುಕೊಂಡು ಬಾಗಿಲ ಹೊರಗೆ ಬೀಳ್ಕೊಡಲು ನಿಂತಳು. ಒಳಗೆ ಅಜ್ಜಿ ಮತ್ತು ಬಾಕ್ ಮಾತ್ರ ಉಳಿದರು. ಅವನಿಗೆ ತಡೆಯಲಾಗಲಿಲ್ಲ.

“ಅಜ್ಜಿ, ನಿಮ್ಮ ಹತ್ರ ಒಂದು ವಿಷಯ ಹೇಳ್ಬೇಕು. ನಂಗೆ ಜ್ವರ...”

“ಇಲ್ಲ. ಗೊತ್ತು.” ಅಜ್ಜಿ ಮರಸೇಬಿನ ಕೊನೆಯ ಹೋಳನ್ನು ಬಾಯಿಗಿಟ್ಟುಕೊಂಡಳು. “ಬಂದ ತಕ್ಷಣ ಹಣೆ ಮುಟ್ಟಿದ್ನಲ್ಲ. ಮೂಲಂಗಿ ಹಾಗೆ ತಣ್ಣಗಿತ್ತು.”

“ಮತ್ತೆ ಯಾಕೆ ಅಜ್ಜಿ...”

“ಹತ್ತೊಂಬತ್ತಕ್ಕೆ ಸೊಸೆಯಾಗಿ ಬಂದೆ. ಅವತ್ತಿಂದ ಹಬ್ಬದ ಹಿಂದಿನ ದಿನ ನಾನು ನೆಲಕ್ಕೆ ಕೂತಿದ್ದೇ ಇಲ್ಲ. ಸೊಸೆಯಂದಿರು ಬಂದ್ಮೇಲೂ ಅಷ್ಟೇ, ಉಪ್ಪು ನೋಡಿ ಅತ್ತೆ, ಎಣ್ಣೆ ನೋಡಿ ಅತ್ತೆ. ರೋಗಿ ಹತ್ರ ಕೂತವಳನ್ನ ಯಾರು ಏಳಿಸ್ತಾರೆ ಹೇಳು? ಇವತ್ತು ಕುಸ್ತಿ ಪೂರ್ತಿ ನೋಡಿದೆ ಕಣಪ್ಪ.”

ಬಾಕ್ ಸಮಾಧಾನದ ಉಸಿರುಬಿಟ್ಟು ರಜಾಯಿ ಸರಿಸಿದ. ಅಜ್ಜಿ ಅದನ್ನು ಮತ್ತೆ ಗಲ್ಲದವರೆಗೆ ಹೊದಿಸಿ, ಬಾಗಿಲ ಕಡೆ ತಿರುಗಿ ದನಿಯೆತ್ತಿದಳು.

“ಲೋ, ನೀವು ಹೊರಡಿ. ಈ ಹುಡುಗನಿಗೆ ಇನ್ನೂ ಸುಡ್ತಿದೆ. ಹಬ್ಬ ಮುಗಿಯೋವರೆಗೂ ನಾನು ಇಲ್ಲೇ ಇರ್ತೀನಿ. ಚಿಕ್ಕ ಸೊಸೆಗೆ ಹೇಳಿ, ನಾಳೆಗೂ ಇವನಿಗೆ ಗಂಜಿ, ನಂಗೆ ಆ ಕುರಿ ಅನ್ನ.”