ನಕ್ಕವರ ತಲೆ

"ರಾಜನ ಪಾರ್ಟಾ? ನಿಂಗಾ? ಹತ್ತನೇ ಕ್ಲಾಸು ದಾಟದವನು ಸಿಂಹಾಸನದ ಮೇಲೆ ಕೂತ್ರೆ ಸಿಂಹಳದ ಮರ್ಯಾದೆ ಏನಾಗ್ಬೇಕಪ್ಪಾ? ದಿನಾ ವೆಂಬ್ಲಿ ಫ್ಲ್ಯಾಟ್‌ಗಳ ಬಾಗಿಲಲ್ಲಿ ನಿಲ್ತೀಯಲ್ಲ, ಇಲ್ಲೂ ಹಾಗೇ ನಿಂತ್ಕೋ!"

ನಿರ್ದೇಶಕ ಅನಂತಮೂರ್ತಿಯ ಈ ಮಾತಿಗೆ ಲಂಡನ್ನಿನ ಅಕ್ಸ್‌ಬ್ರಿಡ್ಜಿನ ಬಾಡಿಗೆ ಹಾಲಿನಲ್ಲಿ ಸೇರಿದ್ದ ಕನ್ನಡ ಬಳಗವೆಲ್ಲ ನಕ್ಕಿತು. ಸೆಕ್ಯುರಿಟಿ ಗಾರ್ಡ್ ಎಡ್ಸನ್ ಮಾತ್ರ ಸೀಟಿ ಕಟ್ಟಿಕೊಂಡ ಕುಕ್ಕರಿನ ಹಾಗೆ ಒಳಗೊಳಗೇ ಕುದಿದ.

ಮಧ್ಯಾಹ್ನದ ನಾಟಕಕ್ಕೆ ಅವನು ಮೆಚ್ಚಿದ ಹುಡುಗಿ ವೆನಿಶಾಳ ತಾಯಿ ಅಪೊಲಿನ್ ಬಾಯಿ ಬರುವವರಿದ್ದರು. ಮಗಳನ್ನು ಕೊಡಬಹುದಾದ ಗಂಡೋ ಅಲ್ಲವೋ ಎಂದು ಅವನನ್ನು ಕಣ್ಣಾರೆ ನೋಡಬೇಕಂತೆ. ತಾನೇ ರಾಜನೆಂದು ಎಡ್ಸನ್ ಆಗಲೇ ಕೊಚ್ಚಿಕೊಂಡಾಗಿತ್ತು. ಈಗ ನೋಡಿದರೆ ರಾಜನ ಪಾತ್ರ ಐಟಿ ಕಂಪನಿಯ ವಿನಾಯಕನಿಗೆ.

ಎಡ್ಸನ್‌ಗೆ ಸಿಕ್ಕಿದ್ದು ದ್ವಾರಪಾಲಕನ ಪಾತ್ರ. ಆದರೆ ನಾಟಕದ ಕತೆ ಕೇಳಿದ ಮೇಲೆ ಅವನ ಮುಖ ಅರಳಿತು. ಸಿಂಹಳದ ಹಳೆಯ ದೊರೆ ಯಸಲಾಲಕ ತಿಸ್ಸನಿಗೂ ಅವನ ದ್ವಾರಪಾಲಕ ಸುಭನಿಗೂ ಒಂದೇ ರೂಪ. ದೊರೆ ತಮಾಷೆಗೆಂದು ಸುಭನಿಗೆ ಕಿರೀಟ ತೊಡಿಸಿ, ತಾನು ಕೋಲು ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದ. ಮಂತ್ರಿಗಳು ಸುಭನಿಗೆ ಅಡ್ಡಬೀಳುವುದನ್ನು ಕಂಡು ನಗುತ್ತಿದ್ದ. ಒಂದು ದಿನ ಸುಭ, "ಕಾವಲಿನವನಿಗೆ ನನ್ನೆದುರು ನಗುವ ಸೊಕ್ಕೇ?" ಎಂದು ದೊರೆಯ ತಲೆಯನ್ನೇ ತೆಗೆಸಿ, ತಾನೇ ರಾಜ್ಯವಾಳಿದ.

"ಅಂದ್ರೆ ವಿನಾಯಕಣ್ಣನ ತಲೆ ತೆಗೆಸುದು ನಾನಾ ಸಾರ್?"

"ಹೂಂ. ಅಷ್ಟೊಂದು ಖುಷಿಪಡ್ಬೇಡ."

ವಿನಾಯಕನ ಹೆಂಡತಿ ಸಿರಿಶಾ ಮಧ್ಯೆ ಬಾಯಿ ಹಾಕಿದಳು. "ನಮ್ಮೆಜಮಾನ್ರನ್ನ ಸಾಯಿಸೋದಾದ್ರೆ ಪರದೆ ಹಿಂದೆ ಸಾಯಿಸಿ. ಅತ್ತೆ ವಿಡಿಯೋ ಕಾಲ್‌ನಲ್ಲಿ ನೋಡ್ತಿರ್ತಾರೆ."

ಅಷ್ಟರಲ್ಲಿ ಎರಡು ಅಂಟುಮೀಸೆಗಳಲ್ಲಿ ಒಂದು ಸಾಂಬಾರಿನ ಪಾತ್ರೆಗೆ ಬಿತ್ತು. ಇಬ್ಬರಿಗೂ ಒಂದೇ ರೂಪ ಇರಬೇಕಲ್ಲ! ಉಳಿದ ಮೀಸೆಯನ್ನು ಕತ್ತರಿಸಿ ಇಬ್ಬರಿಗೂ ಅರ್ಧರ್ಧ ಅಂಟಿಸಿದರು. ಕನ್ನಡಿ ನೋಡಿಕೊಂಡ ಎಡ್ಸನ್‌ಗೆ ತನ್ನ ಮುಖ ಅರ್ಧ ಸುಲಿದಿಟ್ಟ ತೆಂಗಿನಕಾಯಿಯಂತೆ ಕಂಡಿತು. ಆದರೂ ಕಿರೀಟ ಕಿರೀಟವೇ.

ನಾಟಕ ಶುರುವಾಯಿತು. ಎಡ್ಸನ್ ಸಿಂಹಾಸನ ಏರಿದ. ಹಾಲಿನ ಬಾಗಿಲೇ ಅರಮನೆಯ ಹೆಬ್ಬಾಗಿಲು. ಅಲ್ಲಿ ವಿನಾಯಕ ಕೋಲು ಹಿಡಿದು ನಿಂತ. ಮಂತ್ರಿಗಳು ಅಡ್ಡಬಿದ್ದರು. ವಿನಾಯಕ ನಗಬೇಕಿತ್ತು. ಆದರೆ ಭಾನುವಾರವೆನ್ನದೆ ಆಫೀಸಿನ ಸರ್ವರ್ ಬಿದ್ದಿತ್ತು. ಅವನು ಫೋನನ್ನು ಕಿವಿಗೊತ್ತಿ, ಕೋಲಿನ ಸಮೇತ ಹೊರಗೆ ಹೋಗಿಬಿಟ್ಟಿದ್ದ.

ಕಣ್ಣಿಗೆ ರಾಚುವ ಬೆಳಕಿನಲ್ಲಿ ಎಡ್ಸನ್‌ಗೆ ಏನೂ ಕಾಣಲಿಲ್ಲ. ನಗು ಬಾರದೆ ಸಿಟ್ಟು ಮಾಡುವುದು ಹೇಗೆ? ಮಂತ್ರಿಗಳು ಇನ್ನೊಮ್ಮೆ ಅಡ್ಡಬಿದ್ದರು. ಮತ್ತೊಮ್ಮೆ ಬಿದ್ದರು.

"ಲಗೂನ ಸಿಟ್ಟಿಗೇಳೋ ತಮ್ಮಾ, ನನ್ನ ನಡಾ ಹಿಡ್ಕೊಂಡೈತಿ!" ಎಂದು ಮಂತ್ರಿ ಜಗದೇವಪ್ಪ ನೆಲದಿಂದಲೇ ಪಿಸುಗುಟ್ಟಿದರು.

ಆಗ ಬಾಗಿಲ ಕಡೆಯಿಂದ ಹೊಟ್ಟೆ ಹಿಡಿದುಕೊಂಡು ನಗುವ ಸದ್ದು ಕೇಳಿಸಿತು.

ಬೆಳಗ್ಗಿನಿಂದ ನುಂಗಿದ್ದ ಕೋಪವೆಲ್ಲ ಎಡ್ಸನ್‌ನ ಬಾಯಿಂದ ಸಿಡಿಯಿತು. "ಯಾರದು ನಗುವುದು? ಸೊಕ್ಕು ನೆತ್ತಿಗೇರಿತೇ? ಎಳೆದು ತನ್ನಿ! ತೆಗೆಯಿರಿ ತಲೆ!"

ಮಂತ್ರಿಗಳು ಕತ್ತಲಿಗೆ ನುಗ್ಗಿ, ಬಾಗಿಲಲ್ಲಿದ್ದವರನ್ನು ರಂಗಕ್ಕೆ ಎಳೆತಂದು, ಕುತ್ತಿಗೆಗೆ ಮರದ ಕತ್ತಿ ಹಿಡಿದರು. ಇಡೀ ಹಾಲ್ ಚಪ್ಪಾಳೆಯಿಂದ ಗುಡುಗಿತು. ಕತ್ತಿಯ ಕೆಳಗೆ, ಕೈಚೀಲ ಅವುಚಿಕೊಂಡು ನಿಂತವರು ಅಪೊಲಿನ್ ಬಾಯಿ. ಮೆಟ್ರೊಪಾಲಿಟನ್ ಲೈನಿನ ರೈಲು ತಡವಾಗಿ ಆಗಷ್ಟೇ ಬಂದಿದ್ದರು. ಭಾವೀ ಅಳಿಯನ ಅರ್ಧ ಮೀಸೆ ಕಂಡು ನಗು ತಡೆಯಲಾಗಿರಲಿಲ್ಲ.

"ಭೇಷ್! ಏನು ಆ್ಯಕ್ಟಿಂಗು!" ಎಂದು ಅನಂತಮೂರ್ತಿ ಪರದೆಯ ಪಕ್ಕದಿಂದ ಕೂಗಿದರು.

ಅಪೊಲಿನ್ ಬಾಯಿ ಕತ್ತಿಯನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿದರು. ಮನೆಯ ಕೊಂಕಣಿ ಬಿಟ್ಟು, ಎಲ್ಲರಿಗೂ ತಿಳಿಯಲೆಂದು ಕನ್ನಡದಲ್ಲೇ ಹೇಳಿದರು:

"ಚಂದ ಮಾಡ್ತಿ ಮಾರಾಯ, ಸುಳ್ಳು ಹೇಳುದಿಲ್ಲ. ಆದ್ರೆ ಒಂದು ನಗೆಗೆ ತಲೆ ತೆಗಿಲಿಕ್ಕೆ ಹೇಳುವವನಿಗೆ ನಾನು ಹುಡುಗಿ ಕೊಡುದು ಹೇಗೆ? ನಮ್ಮ ವೆನಿಶಾ ಬೆಳಗ್ಗಿಂದ ಸಂಜೆವರೆಗೆ ನಗುವವಳೇ!"

ಎಡ್ಸನ್ ಸಿಂಹಾಸನ ಇಳಿದು, ಕುರ್ಚಿಗಳ ನಡುವೆ ನಡೆದು ಹೊರಟ. ರಾಜ ನಿರ್ಗಮಿಸುತ್ತಿದ್ದಾನೆಂದು ಜನರೆಲ್ಲ ಎದ್ದು ನಿಂತು, ಬಾಗಿ ನಮಸ್ಕರಿಸಿದರು.