ತುಂಗೆಯ ಹೆಣ್ಣು, ಭದ್ರೆಯ ಗಂಡು

೧೯೩೪ನೇ ಇಸವಿಯಲ್ಲಿ ಶಿವಮೊಗ್ಗದ ಅಲಂಕಾರ ಮತ್ಸ್ಯ ಕಚೇರಿಯಲ್ಲಿ ಏಳು ಮಂದಿ ನೌಕರರು, ಎರಡು ಮೊಹರು, ಒಂದು ಗಾಜಿನ ತೊಟ್ಟಿ ಇದ್ದವು. ಮೀನು ಇರಲಿಲ್ಲ. ಕಚೇರಿಯಲ್ಲಿ ಜಾಗ ಸಾಲದೆಂದು ತೊಟ್ಟಿಯನ್ನು ಸೂಪರಿಂಟೆಂಡೆಂಟ್ ಶಂಕರನಾರಾಯಣಯ್ಯನವರ ಮನೆಯ ಪಡಸಾಲೆಯಲ್ಲಿ ಇಡಲಾಗಿತ್ತು. ಮೀನು ಮುಟ್ಟದ ಮನೆ ಅದು. ಆದರೆ ಸರ್ಕಾರಿ ಮೀನಿಗೆ ಮೈಲಿಗೆಯಿಲ್ಲವೆಂದು ಅವರೇ ಸುತ್ತೋಲೆ ಬರೆದು, ಅವರೇ ಸ್ವೀಕರಿಸಿ, ಕಡತದಲ್ಲಿ ಸೇರಿಸಿದ್ದರು.

ಬೆಂಗಳೂರಿನ ದೊಡ್ಡ ಸಾಹೇಬರು ತಪಾಸಣೆಗೆ ಬರುತ್ತಾರೆ, ಅವರಿಗೆ ಜೋಡಿ ಮೀನೆಂದರೆ ಪ್ರಾಣ ಎಂಬ ಸುದ್ದಿ ಬಂತು. ಹಂಗಾಮಿ ಗುಮಾಸ್ತ ಸಿದ್ದಯ್ಯನಿಗೆ ಕರೆ ಹೋಯಿತು. ಗಾಜನೂರಿನ ತುಂಗೆಯ ದಂಡೆಯಲ್ಲಿ ಬೆಳೆದವನು. ಒಂಬತ್ತು ವರ್ಷದಿಂದ ಹಂಗಾಮಿಯಾಗಿಯೇ ಸವೆದವನು.

"ಹದಿನೈದು ದಿನದಲ್ಲಿ ಜೋಡಿ ಕೂಡಿಸು, ಕೆಲಸ ಕಾಯಂ. ಆಗದಿದ್ರೆ ಊರಿಗೆ ಹೊರಡು," ಎಂದರು ಶಂಕರನಾರಾಯಣಯ್ಯ.

ಸಿದ್ದಯ್ಯ ಗಾಜನೂರಿನ ಮಡುವಿನಿಂದ ಆರು ಕುಚ್ಚು ಮೀನು ಹಿಡಿದು, ಒದ್ದೆ ಗೋಣಿಯಲ್ಲಿ ಸುತ್ತಿ, ಎರಡೂವರೆ ಹರದಾರಿ ತಲೆಮೇಲೆ ಹೊತ್ತು ತಂದ. ಹಾವಿನ ತಲೆ, ಹಾವಿನದೇ ಸಿಟ್ಟು. ತನ್ನ ಹಿತ್ತಲಿನ ಕಲ್ಲುಬಾನಿಯಲ್ಲಿ ಬಿಟ್ಟು ಕಾದ. ಹತ್ತನೇ ದಿನ ಎರಡು ಮೀನು ಉಳಿದವನ್ನೆಲ್ಲ ಮೂಲೆಗಟ್ಟಿ, ತಾವೆರಡೇ ಒಟ್ಟಿಗೆ ತಿರುಗತೊಡಗಿದವು. ಅವನು ಹಿಗ್ಗಿಹೋದ. ಆ ಎರಡನ್ನೂ ಪಡಸಾಲೆಗೆ ತಂದ.

"ಯಾವ ನೀರಿನವು?"

"ಒಂದೇ ಮಡುವಿನವು ಸ್ವಾಮಿ."

"ಶಿವಶಿವಾ! ಹಾಗಾದ್ರೆ ಸಗೋತ್ರ!"

"ಅವೇ ಒಪ್ಪಿಕೊಂಡಾವೆ ಸ್ವಾಮಿ. ತಾನಾಗಿ ಒಪ್ಪದಿದ್ರೆ ಈ ಜಾತಿ ಮೀನು ಒಂದನ್ನೊಂದು ತಿಂದುಹಾಕ್ತದೆ."

"ಅವೇ ಒಪ್ಪಿಕೊಳ್ಳೋದಾದ್ರೆ ಹಿರಿಯರು ಅಂತ ನಾವ್ಯಾಕಯ್ಯ ಇರೋದು?"

ಸಂಜೆಯೊಳಗೆ ನಿಯಮ ಹನ್ನೊಂದು ಜಾರಿಗೆ ಬಂತು: ಒಂದೇ ನೀರಿನ ಮೀನುಗಳು ದಾಯಾದಿಗಳು, ಅವುಗಳ ಸಂಬಂಧ ಅಸಿಂಧು. ತುಂಗೆಯ ನೀರು ಸಿಹಿಯಾದ್ದರಿಂದ ಅಲ್ಲಿಯದು ಹೆಣ್ಣು. ಭದ್ರಾವತಿ ಕಬ್ಬಿಣದ ಊರಾದ್ದರಿಂದ ಅಲ್ಲಿಯದು ಗಂಡು. ಬಾನಿಯಲ್ಲಿ ಒಲಿದ ಎರಡರಲ್ಲಿ ಒಂದನ್ನು ಹೆಣ್ಣೆಂದು ಉಳಿಸಿಕೊಂಡು, ಇನ್ನೊಂದನ್ನು ಹೊಳೆಗೆ ಬಿಡಿಸಿದರು. ಭದ್ರಾವತಿಯಿಂದ ಹಿತ್ತಾಳೆಯ ಕೊಡದಲ್ಲಿ ವರ ರೈಲಿನಲ್ಲಿ ಬಂದ. ವಧುವಿನ ಒಂದೂವರೆಯಷ್ಟಿದ್ದ.

"ನಾಲ್ಕು ದಿನ ನಡುವೆ ಗಾಜು ಇಡೋಣ ಸ್ವಾಮಿ," ಸಿದ್ದಯ್ಯ ಕೈಮುಗಿದ. "ಮುಖ ನೋಡಿ ಪಳಗ್ಲಿ."

"ಮದುವೆಗೆ ಮುಂಚೆ ನಾಲ್ಕು ದಿನ ಮುಖ ನೋಡೋದು? ನನ್ನ ಪಡಸಾಲೆಯಲ್ಲಿ? ತುಂಗೆ ಭದ್ರೆ ಕೂಡ್ಲಿಯಲ್ಲಿ ನಡುವೆ ಗಾಜು ಇಟ್ಕೊಂಡು ಸೇರಿದವೇನಯ್ಯ?"

ಅಭಿಜಿನ್ ಲಗ್ನದಲ್ಲಿ ಮೀನುಗಳನ್ನು ಒಂದೇ ತೊಟ್ಟಿಗೆ ಬಿಟ್ಟರು. ನೌಕರರೆಲ್ಲ ಅಕ್ಷತೆ ಹಾಕಿ ಊಟಕ್ಕೆ ಕೂತರು. ಪಾಯಸ ಬಡಿಸುವ ಹೊತ್ತಿಗೆ ತೊಟ್ಟಿಯಲ್ಲಿ ಒಂದು ಮೀನು, ಅರ್ಧ ಬಾಲ, ನಾಲ್ಕಾರು ಹುರುಪೆ ಉಳಿದಿದ್ದವು. ತಲೆಮೇಲೆ ಹೊತ್ತು ತಂದ ಜೀವ. ಸಿದ್ದಯ್ಯ ಪಾಯಸ ಮುಟ್ಟದೆ ಎಲೆ ಮಡಿಸಿ ಎದ್ದ.

ಶಂಕರನಾರಾಯಣಯ್ಯ ಒಂದು ಗಳಿಗೆ ನೋಡಿದರು. ಆಮೇಲೆ ಬಾಲವನ್ನು ತೆಗೆಸಿ, ತೊಟ್ಟಿಯ ಮೂಲೆಯಲ್ಲಿ ಒಂದು ಮಡಕೆ ಬೋರಲು ಹಾಕಿಸಿದರು.

"ಹೆಣ್ಣು ಮಡಕೆಯಲ್ಲಿದೆ. ಮೀನು ಎರಡು, ಅನ್ಯೋನ್ಯ ಅಂತ ಬರೆದು ರುಜು ಹಾಕು."

"ಸ್ವಾಮಿ, ಅದು…"

"ಕಾಯಂ ಆರ್ಡರೂ ಇಲ್ಲೇ ಇದೆ. ಅದಕ್ಕೆ ನನ್ನ ರುಜು ಬೇಕು."

ಸಿದ್ದಯ್ಯ ಒಂಬತ್ತು ವರ್ಷವನ್ನು ನೆನೆದ, ಹೆಂಡತಿ ಹಾಲಮ್ಮನನ್ನು ನೆನೆದ, ರುಜು ಹಾಕಿದ.

ದೊಡ್ಡ ಸಾಹೇಬರು ಬಂದರು. "ಹೆಣ್ಣೆಲ್ಲಿ?" ಎಂದರು.

"ಮಡಕೆಯೊಳಗೆ ಸ್ವಾಮಿ. ಮರ್ಯಾದಸ್ಥರ ಮನೆ. ಪರಪುರುಷರ ಮುಂದೆ ಬರೋದಿಲ್ಲ," ಎಂದರು ಶಂಕರನಾರಾಯಣಯ್ಯ.

ಸಾಹೇಬರು ಥಟ್ಟನೆ ಎರಡು ಹೆಜ್ಜೆ ಹಿಂದೆ ಸರಿದು, ಇಂಥ ನಡತೆ ಬೆಂಗಳೂರಿನ ಮೀನುಗಳಲ್ಲಿ ಉಳಿದಿಲ್ಲವೆಂದು ತಪಾಸಣಾ ಪುಸ್ತಕದಲ್ಲಿ ಬರೆದರು. ಸಿದ್ದಯ್ಯ ಕಾಯಂ ಆದ. ದಿನಕ್ಕೆ ಎರಡು ಪಾಲು ಕಪ್ಪೆ ಹಾಕುವುದು ಅವನ ಕೆಲಸ. ಭದ್ರಾವತಿಯ ಗಂಡು ಎರಡನ್ನೂ ತಿಂದು ಕೊಬ್ಬಿತು. ಮೂರು ತಿಂಗಳಿಗೆ ಮರಿಗಳೆಲ್ಲಿ ಎಂದು ಬೆಂಗಳೂರಿನಿಂದ ಕಾಗದ ಬಂತು. ನಿರೀಕ್ಷೆಯಿದೆ ಎಂದು ಉತ್ತರ ಹೋಯಿತು. ಶಂಕರನಾರಾಯಣಯ್ಯನವರ ಮಡದಿ ಹೆರಿಗೆಯ ದಿನ ಎಣಿಸಿ, ತೊಟ್ಟಿಗೆ ಹಳೆಯ ಸೀರೆಯ ಮರೆ ಕಟ್ಟಿಸಿದರು.

ಒಂದು ದಿನ ಬುತ್ತಿ ತಂದ ಹಾಲಮ್ಮ ಸೀರೆ ಸರಿಸಿ, ಬಗ್ಗಿ ಮಡಕೆ ಓರೆ ಮಾಡಿ ಒಳಗೆ ನೋಡಿದಳು.

"ಇದ್ರಲ್ಲಿ ಏನೂ ಇಲ್ವಲ್ರೀ!"

ಸಿದ್ದಯ್ಯ ಗಾಬರಿಯಿಂದ ಎದ್ದು ಬಂದು ಮರೆ ಎಳೆದ.

"ಮೆಲ್ಲಗೆ ಮಾತಾಡೇ ಮಾರಾಯ್ತಿ," ಎಂದ, "ಬಾಣಂತಿ ಮಲಗಿದಾಳೆ."